ಹಿರಿಯ ಅಳಿಯ ಬಿಡಿಸಿದ ಎಂಜಿನ್

ಹೊಟ್ಟೆಕಿಚ್ಚಿನಿಂದ ಲೋಕದಲ್ಲಿ ಒಂದೂ ಒಳ್ಳೆಯ ಕೆಲಸ ಆಗಿಲ್ಲ ಎನ್ನುವವರು ನಮ್ಮ ಗುಮಾಸ್ತರನ್ನು ಕಂಡವರಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರಿನ ಅರ್ಜಿಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸುವುದು ಅವರ ಕೆಲಸ. ಸ್ವಭಾವದಲ್ಲಿ ಸಾಧು. ಎದುರುಮನೆಯವರು ಮಹಡಿ ಮೇಲೆ ಮಹಡಿ ಎಬ್ಬಿಸಿದರೂ, ಪಕ್ಕದ ಕುರ್ಚಿಯವನಿಗೆ ಬಡ್ತಿ ಬಂದರೂ ಅವರ ಹೊಟ್ಟೆ ತಣ್ಣಗೇ ಇರುತ್ತಿತ್ತು. ಇದ್ದಬದ್ದ ಕಿಚ್ಚನ್ನೆಲ್ಲ ಅವರು ಒಬ್ಬನೇ ಮನುಷ್ಯನಿಗಾಗಿ ಜೋಪಾನವಾಗಿ ಕೂಡಿಟ್ಟಿದ್ದರು. ಅವನು ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ.

ಷಡ್ಡಕನದು ಪಂಪ್‌ಸೆಟ್ ಅಂಗಡಿ. ಅವನ ಮೇಲೆ ಏನಾದರೂ ದೂರು ಹೇಳೋಣವೆಂದರೆ ಒಂದೂ ಸಿಗುತ್ತಿರಲಿಲ್ಲ; ಗುಮಾಸ್ತರ ದೂರು ಅದೇ. ಅವನು ಮಾವನ ಮನೆಗೆ ಕಾಲಿಟ್ಟರೆ ಸಾಕು, ಸೋರುವ ನಲ್ಲಿ ನಿಲ್ಲುತ್ತಿತ್ತು, ನಿಂತ ಗಡಿಯಾರ ಓಡುತ್ತಿತ್ತು. "ಕಿರಿಯಳಿಯ ಬಂದು ಹೋದ್ರೆ ಮನೆಗೆ ಒಂದು ವರ್ಷ ವಯಸ್ಸು ಕಮ್ಮಿಯಾದ ಹಾಗಾಗುತ್ತೆ" ಎಂದು ಅತ್ತೆ ಹೇಳುವಾಗ ಗುಮಾಸ್ತರು ಕಿಟಕಿಯಾಚೆ ನೋಡುತ್ತಿದ್ದರು. ಒಮ್ಮೆ ಅವರ ಹೆಂಡತಿ ಕೂಡ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, "ನಮ್ಮನೆ ಫ್ಯಾನೂ ಒಂದ್ಸಲ ನೋಡ್ಬಿಡಿ, ಇವ್ರು ಮುಟ್ಟಿದ್ಮೇಲೆ ಗಾಳಿ ಮೇಲಕ್ಕೆ ಹೋಗ್ತಿದೆ" ಎಂದಳು. ಆ ದಿನ ಗುಮಾಸ್ತರು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಮಾವ ನಿವೃತ್ತ ಸರ್ವೇಯರು. ಅವರಿಗೆ ಒಂದು ಹಳೆಯ ಕಾರಿತ್ತು. ಮೈ ಇತ್ತು, ಚಕ್ರ ಇದ್ದವು, ಎಂಜಿನ್ ಮಾತ್ರ ಇರಲಿಲ್ಲ. ಯಾವುದೋ ಕಾಲದಲ್ಲಿ ಒಬ್ಬ ಮೆಕ್ಯಾನಿಕ್ ಅದನ್ನು ಇಳಿಸಿ, ಮೇಲಿನ ಮುಚ್ಚಳ ಬಿಚ್ಚಿ, "ನಾಳೆ ಬರ್ತೀನಿ" ಎಂದು ಹೇಳಿ ಊರು ಬಿಟ್ಟಿದ್ದ. ಬಾಯಿ ತೆರೆದ ಎಂಜಿನ್ ಹಿತ್ತಲ ಗೋಡೆಗೆ ಒರಗಿ ಕೂತು, ಬಿದ್ದ ಮಳೆಯನ್ನೆಲ್ಲ ಕುಡಿದು, ಒಂದೇ ಕೆಂಪು ಮುದ್ದೆಯಾಗಿತ್ತು. ಅದರ ನಾಲ್ಕು ತೂತುಗಳೊಳಗೆ ಮೇಲೆ ಕೆಳಗೆ ಜಾರಬೇಕಾದ ಪಿಸ್ಟನ್‌ಗಳು ಗೋಡೆಗೆ ಕಚ್ಚಿಕೊಂಡು ಕೂತಿದ್ದವು.

ಒಂದು ರಜಾದಿನ ಎಲ್ಲರೂ ಸೇರಿದ್ದಾಗ ಮಾವ ಇಬ್ಬರು ಅಳಿಯಂದಿರನ್ನೂ ಹಿತ್ತಲಿಗೆ ಕರೆದುಕೊಂಡು ಹೋದರು. "ಕಣ್ಣು ಮಂಜಾಗ್ತಾ ಇದೆ. ಪೂರ್ತಿ ಹೋಗೋದ್ರೊಳಗೆ ಇದರಲ್ಲಿ ಒಂದ್ಸಲ ಸುತ್ತಾಡಿ ಬರ್ಬೇಕು ಅಂತ ಆಸೆ" ಎಂದರು. ಹಾಗೆನ್ನುವಾಗ ಅವರು ನೋಡುತ್ತಿದ್ದದ್ದು ಕಿರಿಯ ಅಳಿಯನನ್ನು.

ಷಡ್ಡಕ ಬಗ್ಗಿ ನೋಡಿದ. ಒಂದು ಕಬ್ಬಿಣದ ಸಲಾಕೆಯಿಂದ ಅಲ್ಲಲ್ಲಿ ತಟ್ಟಿದ. ಕೈ ಒರೆಸಿಕೊಂಡು, "ಇದು ಮುಗೀತು ಮಾವ. ಗುಜರಿಗೆ ಹಾಕ್ಬಿಡಿ" ಎಂದ.

ಮಾವನ ಮುಖ ಬಾಡಿತು. ಗುಮಾಸ್ತರ ಮುಖ ಅರಳಿತು. ಷಡ್ಡಕನ ಬಾಯಿಂದ ಆಗುವುದಿಲ್ಲ ಎಂಬ ಮಾತನ್ನು ಅವರು ಕೇಳಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಅವರ ಬಾಯಿ ಅವರನ್ನು ಕೇಳದೆಯೇ ಮಾತಾಡಿಬಿಟ್ಟಿತು. "ಗುಜರಿಗೆ ಯಾಕೆ? ನಾನು ಸರಿಮಾಡ್ತೀನಿ."

ಮಾವ ಕನ್ನಡಕ ಸರಿಮಾಡಿಕೊಂಡು, ಮಾತಾಡಿದ್ದು ಹಿರಿಯ ಅಳಿಯನೇ ಹೌದೇ ಎಂದು ಖಚಿತಪಡಿಸಿಕೊಂಡರು. "ನಿಮಗೆ ಎಂಜಿನ್ ಕೆಲ್ಸ ಗೊತ್ತಾ?"

"ಗೊತ್ತಿರೋರು ಕೈಬಿಟ್ರಲ್ಲ ಮಾವ" ಎಂದರು ಗುಮಾಸ್ತರು. ಬಹಳ ಚೆನ್ನಾಗಿ ಹೇಳಿದೆನೆಂದು ಅವರಿಗೆ ಮನೆ ಮುಟ್ಟುವವರೆಗೂ ಅನಿಸುತ್ತಿತ್ತು.

ಮನೆ ಮುಟ್ಟಿದ ಮೇಲೆ ತೊಡಕು ತಿಳಿಯಿತು. ಅವರದು ಮೊದಲ ಮಹಡಿಯ ಬಾಡಿಗೆ ಮನೆ. ಎಂಜಿನ್ನನ್ನು ಹೊತ್ತು ತಂದ ಕೂಲಿಯವರು ಮೆಟ್ಟಿಲು ನೋಡಿ, ಗುಮಾಸ್ತರನ್ನು ನೋಡಿ, ಎಂಜಿನ್ನನ್ನು ಬೀದಿಯಲ್ಲೇ ಇಳಿಸಿ ಹೋದರು. ಅದೂ ಅಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಲು ಗುಮಾಸ್ತರಿಗೇ ಇಷ್ಟವಿರಲಿಲ್ಲ. ಮನೆಯಲ್ಲಿ ನಡೆದದ್ದನ್ನು ಹೆಂಡತಿ ದಿನಾ ತಂಗಿಗೆ ಫೋನಿನಲ್ಲಿ ಹೇಳುತ್ತಾಳೆ, ತಂಗಿ ಗಂಡನಿಗೆ ಹೇಳುತ್ತಾಳೆ, ಗಂಡ ಸ್ಪ್ಯಾನರು ಹಿಡಿದು ಉಪಕಾರ ಮಾಡಲು ಬಂದುಬಿಡುತ್ತಾನೆ. ಆಮೇಲೆ ಕೀರ್ತಿ ಯಾರದು?

ಹಿಂದಿನ ಬೀದಿಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್ ಇದ್ದರು. ಎಲ್ಲರೂ ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದರು. ಒಬ್ಬರೇ ಇರುತ್ತಿದ್ದರು, ಅವರ ಮನೆಯ ಪಕ್ಕದಲ್ಲಿ ಒಂದು ಖಾಲಿ ಕಾರ್ ಶೆಡ್ ಇತ್ತು. ಗುಮಾಸ್ತರು ಕೇಳಿದಾಗ ಅವರು ತಕ್ಷಣ ಒಪ್ಪಿದರು. "ನಾನೂ ಕೂತು ನೋಡ್ತೀನಿ. ಸಂಜೆ ಹೊತ್ತು ಬೇಜಾರು" ಎಂಬುದೊಂದೇ ಅವರ ಷರತ್ತು. ಹೀಗೆ ಎಂಜಿನ್ ಟೀಚರ ಶೆಡ್ ಸೇರಿತು. ಮನೆಯಲ್ಲಿ ಗುಮಾಸ್ತರು, "ಅದನ್ನ ಆಫೀಸಿನ ಗೋಡೌನಲ್ಲಿ ಹಾಕ್ಸಿದ್ದೀನಿ, ಪುರುಸೊತ್ತಾದಾಗ ನೋಡ್ತೀನಿ. ಈಗ ಆಡಿಟ್ ಇದೆ, ಸಂಜೆ ತಡ ಆಗುತ್ತೆ" ಎಂದರು.

ಮೊದಲ ವಾರ ಅವರು ಸುತ್ತಿಗೆಯಿಂದ ಹೊಡೆದರು. ಸುತ್ತಿಗೆಯ ಹಿಡಿ ಮುರಿಯಿತು. ಬಿಡಿಭಾಗದ ಅಂಗಡಿಯವನನ್ನು ಕೇಳಿದರೆ ಡೀಸೆಲ್ ಸುರಿಯಿರಿ ಎಂದ. ಅವನ ತಮ್ಮ ಬ್ರೇಕ್ ಆಯಿಲ್ ಎಂದ. ಅಣ್ಣತಮ್ಮಂದಿರ ನಡುವೆ ಅದೇ ವಿಷಯಕ್ಕೆ ಮಾತು ನಿಂತಿತು. ಗುಮಾಸ್ತರು ಎರಡನ್ನೂ ಬೆರೆಸಿ ನಾಲ್ಕೂ ತೂತುಗಳಿಗೆ ತುಂಬಿದರು. ಎಣ್ಣೆ ನಿಂತಲ್ಲೇ ನಿಂತಿತು. ಹಳೆಯ ಅಂಗಿ ಹರಿದು ಒರೆಸಿದರು, ತಂತಿಯ ಬ್ರಷ್ಷಿನಿಂದ ಉಜ್ಜಿದರು, ಕೆಂಪು ಪುಡಿ ಮೂಗಿಗೆ ಹೋಗಿ ಸೀನಿದರು, ಮತ್ತೆ ಎಣ್ಣೆ ಹಾಕಿದರು.

ಟೀಚರ್ ಕುರ್ಚಿ ಹಾಕಿಕೊಂಡು ಟಾರ್ಚ್ ಹಿಡಿದು ಕೂರುತ್ತಿದ್ದರು. "ಹೊಡೀಬೇಡ. ನಾನು ಮೂವತ್ತು ವರ್ಷ ಹಟಮಾರಿಗಳನ್ನ ನೋಡಿದ್ದೀನಿ. ಹೊಡೆದಷ್ಟೂ ಬಿಗಿಯಾಗ್ತಾವೆ. ಪುಸಲಾಯಿಸು" ಎಂದರು. ಗುಮಾಸ್ತರಿಗೆ ಬೇರೆ ದಾರಿ ಇರಲಿಲ್ಲ. ಎಂಜಿನ್ನಿನ ಹತ್ತಿರ ಬಾಯಿಟ್ಟು ಪುಸಲಾಯಿಸಲು ಶುರುಮಾಡಿದರು. ಮೊದಮೊದಲು ನಾಚಿಕೆಯಾಯಿತು. ಬರಬರುತ್ತ ಅಭ್ಯಾಸವಾಯಿತು. ಕಚೇರಿಯಲ್ಲಿ ಅವರ ಮಾತನ್ನು ಅಷ್ಟು ಸಮಾಧಾನದಿಂದ ಕೇಳುವವರು ಯಾರೂ ಇರಲಿಲ್ಲ.

ಗುಮಾಸ್ತರ ಮನೆಯ ಕೆಳಗೆ ಒಬ್ಬ ಟೈಲರಮ್ಮ ಇದ್ದಳು. ಒಂದು ಸಂಜೆ ಗಿರಾಕಿಯ ಮನೆಗೆ ಬಟ್ಟೆ ಕೊಡಲು ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದವಳಿಗೆ ಶೆಡ್ಡಿನ ಮುಚ್ಚಿದ ಬಾಗಿಲ ಹಿಂದಿನಿಂದ ಗುರುತಿನ ದನಿ ಕೇಳಿಸಿತು.

"ಎಷ್ಟು ದಿನ ಹೀಗೆ ಬಿಗುಮಾನ ಮಾಡ್ತೀಯ ಬಂಗಾರ? ನಿನಗೋಸ್ಕರ ಮನೇಲಿ ಸುಳ್ಳು ಹೇಳಿ ಬರ್ತಿದ್ದೀನಿ. ಇವತ್ತಾದ್ರೂ ಸ್ವಲ್ಪ ಸಡಿಲಾಗು."

ಅದರ ಹಿಂದೆಯೇ ಒಂದು ಹೆಣ್ಣುದನಿ. "ಅವಸರ ಮಾಡ್ಬೇಡ. ಇನ್ನೊಂಚೂರು ಎಣ್ಣೆ ಹಾಕು."

ಟೈಲರಮ್ಮ ಮರುದಿನ ರವಿಕೆಯ ಅಳತೆ ತೆಗೆಯುವ ನೆಪದಲ್ಲಿ ಮೇಲೆ ಬಂದಳು. ತೋಳಿನ ಅಳತೆ ಮುಗಿಯುವ ಹೊತ್ತಿಗೆ, "ನಮಗ್ಯಾಕೆ ಬೇಕು ಅಂತ ಸುಮ್ನಿರೋಣ ಅಂದ್ಕೊಂಡೆ ಅಕ್ಕ" ಎಂದು ಆರಂಭಿಸಿ, ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು. ಎಣ್ಣೆಯ ಮಾತನ್ನು ಮಾತ್ರ ಕತ್ತರಿಸಿ ಬಿಸಾಡಿದಳು. ಅದು ಬಟ್ಟೆಗೆ ಹೊಂದುತ್ತಿರಲಿಲ್ಲ.

ಗುಮಾಸ್ತರ ಹೆಂಡತಿ ಅಳತೆಗೆ ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಳು. ಈಗ ಒಂದೊಂದೇ ನೆನಪಾಯಿತು. ಗಂಡ ಈಚೆಗೆ ಸಂಜೆ ಮನೆಗೆ ಬರುತ್ತಲೇ ನೇರ ಬಚ್ಚಲಿಗೆ ಹೋಗಿ ವಾಸನೆಯ ಸೋಪು ಉಜ್ಜಿಕೊಳ್ಳುತ್ತಾರೆ. ಬೀರುವಿನಿಂದ ಅಂಗಿಗಳು ಒಂದೊಂದಾಗಿ ಮಾಯವಾಗುತ್ತಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಖುಷಿಯಾಗಿದ್ದಾರೆ. ಮದುವೆಯಾದಂದಿನಿಂದ ಕಾಣದ ಖುಷಿ. ತನ್ನಿಂದ ಆಗದ್ದನ್ನು ಯಾರೋ ಒಬ್ಬಳು ಶೆಡ್ಡಿನಲ್ಲಿ ಕೂತು ಮಾಡಿದ್ದಾಳೆ ಎಂದು ಅವಳ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅವಳು ಜಗಳ ಮಾಡಲಿಲ್ಲ. ವಿನಯದಿಂದ ನಡೆದುಕೊಳ್ಳಲು ಶುರುಮಾಡಿದಳು. "ಇನ್ನೂ ಸ್ವಲ್ಪ ಬಡಿಸ್ಲಾ? ಆಡಿಟ್ಟಿಗೆ ಶಕ್ತಿ ಬೇಕಲ್ವಾ" ಎಂದು ಅವಳು ಕೇಳಿದಾಗ ಗುಮಾಸ್ತರು ಕೃತಜ್ಞತೆಯಿಂದ ತಟ್ಟೆ ಮುಂದಿಟ್ಟರು.

ತಂಗಿಗೆ ಫೋನು ಹೋಯಿತು. ತಂಗಿ ಗಂಡನನ್ನು ಕಳಿಸಿದಳು. ಮನೆಯಲ್ಲಿ ಮಾತಾಡುವುದು ಬೇಡವೆಂದು ಇಬ್ಬರೂ ದೊಡ್ಡ ರಸ್ತೆಯ ಬೇಕರಿಯಲ್ಲಿ ಕೂತರು. ಅದೇ ಹೊತ್ತಿಗೆ ಗುಮಾಸ್ತರ ಬಸ್ಸು ಬೇಕರಿಯ ಮುಂದೆ ನಿಂತಿತು. ಕಿಟಕಿಯಿಂದ ಅವರು ಕಂಡದ್ದು: ತಮ್ಮ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಷಡ್ಡಕ ಮುಂದಕ್ಕೆ ಬಾಗಿ ಅವಳ ಮಾತನ್ನು ಮೆಲ್ಲಗೆ ಕೇಳಿಸಿಕೊಳ್ಳುತ್ತಿದ್ದಾನೆ.

ಬೇರೆ ಯಾವ ಗಂಡಸಿಗಾದರೂ ಅಲ್ಲಿ ಒಂದು ಸಂಶಯ ಬರುತ್ತಿತ್ತು. ಗುಮಾಸ್ತರಿಗೆ ಅದಕ್ಕಿಂತ ದೊಡ್ಡ ಸಂಶಯ ಬಂತು. ಎಂಜಿನ್ ವಿಷಯ ಸೋರಿದೆ. ಇವಳಿಗೆ ಹೇಗೋ ಗೊತ್ತಾಗಿದೆ. ಅವನು ಬಾಯಿ ಬಿಡಿಸುತ್ತಿದ್ದಾನೆ. ನಿನ್ನೆ ತಾನೇ ಪಿಸ್ಟನ್‌ಗಳನ್ನು ಆಡಿಸುವ ಕ್ರ್ಯಾಂಕಿಗೆ ಕೊಳವೆ ಸಿಕ್ಕಿಸಿ ತಳ್ಳಿದಾಗ ಒಳಗೆಲ್ಲೋ ಕೂದಲೆಳೆಯಷ್ಟು ಅಲುಗಾಡಿತ್ತು. ಇಷ್ಟು ದಿನ ಬಾರದವನು ಇವತ್ತೇ ಬಂದಿದ್ದಾನೆ. ಗುಮಾಸ್ತರಿಗೆ ಮುಂದಿನ ನಿಲ್ದಾಣದವರೆಗೂ ಕೂರಲಾಗಲಿಲ್ಲ, ನಿಂತೇ ಹೋದರು.

ಅಂದು ಸಂಜೆ ಮನೆಯ ಬಾಗಿಲಲ್ಲೇ ಹೆಂಡತಿ ಎದುರಾದಳು. "ನನಗೆಲ್ಲಾ ಗೊತ್ತಾಗಿದೆ."

"ಅವನೇ ಹೇಳಿದ್ನಾ?"

"ಅವರ್ಯಾಕೆ ಹೇಳ್ಬೇಕು? ಬೀದಿಗೇ ಗೊತ್ತು. ಎಷ್ಟು ದಿನದಿಂದ ನಡೀತಿದೆ ಇದು?"

"ಮಳೆಗಾಲದಿಂದ" ಎಂದು ಗುಮಾಸ್ತರು ತಪ್ಪೊಪ್ಪಿಕೊಂಡರು. "ನಿಂಗೆ ಹೇಳಿದ್ರೆ ನಿನ್ನ ತಂಗಿಗೆ ಹೇಳ್ತೀಯ, ಅವಳು ಗಂಡನಿಗೆ ಹೇಳ್ತಾಳೆ, ಆಮೇಲೆ ಅವನೂ ಬಂದು ಕೈ ಹಾಕ್ತಾನೆ ಅಂತ ಸುಮ್ನಿದ್ದೆ."

"ಅವರೂನಾ?"

"ಬಿಟ್ರೆ ಸಾಕು. ಮೊದ್ಲು ಬೇಡ ಅಂತ ಮುಖ ತಿರುಗಿಸ್ಕೊಂಡು ಹೋದೋನೂ ಅವನೇ. ಈಗ ನನಗೆ ಒಲಿಯೋ ಹೊತ್ತಿಗೆ ಬಂದು ನಿಂತಿದ್ದಾನೆ."

"ಇದನ್ನೆಲ್ಲ ಇವತ್ತಿಗೇ ಬಿಟ್ಬಿಡಿ ಅಂದ್ರೆ ಬಿಡ್ತೀರಾ?"

"ಹೇಗೆ ಬಿಡ್ಲಿ? ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೀನಿ."

"ನಮ್ಮಪ್ಪನಿಗಾ?"

"ಮತ್ತೆ? ನನ್ನ ಕೈಗೆ ಒಪ್ಪಿಸಿದ್ದೇ ಅವರು. ಪಾಪ, ಅವರಿಗೆ ಇನ್ನೂ ಆಸೆ ಬಿಟ್ಟಿಲ್ಲ. ಕಣ್ಣು ಮಂಜಾಗೋದ್ರೊಳಗೆ ಒಂದ್ಸಲ ಜೊತೇಲಿ ಸುತ್ತಾಡಿ ಬರ್ಬೇಕಂತೆ."

ಹೆಂಡತಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಅಮ್ಮನಿಗೆ ಫೋನ್ ಮಾಡಿದಳು. ಅಷ್ಟು ಸುಲಭವಾಗಿ ಬಿಟ್ಟಳಲ್ಲ ಎಂದು ಗುಮಾಸ್ತರು ಹಗುರಾಗಿ ಉಸಿರುಬಿಟ್ಟರು.

ಆ ಕಡೆ ಅತ್ತೆ ಫೋನನ್ನು ಕೆಳಗಿಟ್ಟು ಗಂಡನ ಮುಂದೆ ಬಂದು ನಿಂತರು. ಸರ್ವೇಯರು ಭೂತಗನ್ನಡಿ ಹಿಡಿದು ಪೇಪರು ಓದುತ್ತಿದ್ದರು.

"ಹಿರಿಯಳಿಯನಿಗೆ ಏನು ಒಪ್ಪಿಸಿದ್ದೀರಿ ನೀವು?"

ಸರ್ವೇಯರ ಮುಖ ಬೆಳಗಿತು. ಪೇಪರು ಮಡಚಿದರು. "ಸಿದ್ಧ ಆಯ್ತಂತಾ?"

"ಸುತ್ತಾಡೋ ಆಸೆ ಇದೆಯಂತೆ ನಿಮಗೆ."

"ಇಲ್ದೆ ಇರುತ್ತಾ? ಎಷ್ಟು ವರ್ಷ ಆಯ್ತು ಬಿಟ್ಟು. ಒಂದು ಕಾಲದಲ್ಲಿ ದಿನಾ ಹೋಗ್ತಿದ್ದೆ. ನಾಳೇನೇ ಹೋಗೋಣ" ಎಂದು ಅವರು ಅಂಗಿ ಹುಡುಕಲು ಎದ್ದರು.

ಅತ್ತೆ ಫೋನನ್ನು ಮತ್ತೆ ಕೈಗೆತ್ತಿಕೊಂಡರು. ಕಿರಿಯ ಅಳಿಯನಿಗೆ ಕರೆಮಾಡಿ, "ನಾಳೆ ಸಂಜೆ ಗಾಡಿ ತಗೊಂಡು ಬನ್ನಿ, ಎಲ್ರೂ ಹೋಗೋಣ" ಎಂದಷ್ಟೇ ಹೇಳಿದರು.

ಮರುದಿನ ಸಂಜೆ ಹಿಂದಿನ ಬೀದಿಗೆ ಒಂದು ಮೆರವಣಿಗೆಯೇ ಬಂತು. ಮುಂದೆ ದಾರಿ ತೋರಿಸುತ್ತ ಟೈಲರಮ್ಮ, ಹೆಗಲ ಮೇಲೆ ಅಳತೆಪಟ್ಟಿ. ಅವಳ ಹಿಂದೆ ಅತ್ತೆ, ಅಕ್ಕ, ತಂಗಿ. ಕೊನೆಗೆ ಷಡ್ಡಕನ ತೋಳು ಹಿಡಿದು, ಇಸ್ತ್ರಿ ಅಂಗಿ ತೊಟ್ಟು, ಎಲ್ಲರಿಗಿಂತ ಉತ್ಸಾಹದಲ್ಲಿದ್ದ ಸರ್ವೇಯರು. ಶೆಡ್ಡಿನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹೆಣ್ಣುದನಿ ಸ್ಪಷ್ಟವಾಗಿ ಕೇಳಿತು. "ಈಗ ಉಸಿರು ಬಿಗಿಹಿಡಿ. ನಿಧಾನ. ಬರ್ತಾ ಇದೆ, ಬರ್ತಾ ಇದೆ."

ಅತ್ತೆ ಎರಡೂ ಕೈಯಿಂದ ಬಾಗಿಲು ನೂಕಿದರು.

ಒಳಗೆ ಒಂದು ಬಲ್ಬಿನ ಕೆಳಗೆ ಗುಮಾಸ್ತರು ಬನಿಯನ್ನಿನಲ್ಲಿ, ಮೂಗಿನ ತುದಿಯವರೆಗೂ ಮಸಿಯಾಗಿ, ಒಂದುದ್ದ ಕೊಳವೆಗೆ ಜೋತುಬಿದ್ದಿದ್ದರು. ಪಕ್ಕದಲ್ಲಿ ನರೆಗೂದಲಿನ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತು ಟಾರ್ಚ್ ಹಿಡಿದಿದ್ದರು. ಇಬ್ಬರ ನಡುವೆ ಮರದ ದಿಮ್ಮಿಗಳ ಮೇಲೆ ಎಂಜಿನ್ ಕೂತಿತ್ತು. ತುಕ್ಕಿನ ಕೆಂಪು ಎಲ್ಲೂ ಇರಲಿಲ್ಲ. ಎಣ್ಣೆಯಲ್ಲಿ ಮಿಂದು ಬೂದುಬಣ್ಣದಲ್ಲಿ ಮಿರುಗುತ್ತಿತ್ತು.

ಅತ್ತೆ ಶೆಡ್ಡಿನ ಮೂಲೆಗಳನ್ನೆಲ್ಲ ನೋಡಿ, "ಬೇರೆ ಯಾರೂ ಇಲ್ವಾ?" ಎಂದರು.

"ಬಂಗಾರ ಅಂದಿದ್ದು ಯಾರಿಗೆ?" ಎಂದಳು ಗುಮಾಸ್ತರ ಹೆಂಡತಿ.

ಗುಮಾಸ್ತರು ಕೊಳವೆ ಬಿಡದೆ ಗಲ್ಲದಿಂದ ಎಂಜಿನ್ನನ್ನು ತೋರಿಸಿದರು. ಟೈಲರಮ್ಮ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಹೊರಟುಹೋದಳು.

ಸರ್ವೇಯರು ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅವರು ಎಂಜಿನ್ನಿನ ಸುತ್ತ ಕೈಯಾಡಿಸುತ್ತಿದ್ದರು. ಮುದ್ರೆಯೊತ್ತಿದ ಅಂಕಿಗಳನ್ನು ಬೆರಳಿಂದ ತಡವಿ ಓದಿದರು. "ನಂದೇ" ಎಂದರು. "ಇದು ನಂದೇ."

ಷಡ್ಡಕ ಕೈಗಡಿಯಾರ ಬಿಚ್ಚಿ ಹೆಂಡತಿಗೆ ಕೊಟ್ಟ. "ಒಂಚೂರು ಜರುಗಿ ಭಾವ." ಗುಮಾಸ್ತರು ಬಾಯಿ ತೆರೆಯುವುದರೊಳಗೆ ಅವನು ಕೊಳವೆಯ ತುದಿ ಹಿಡಿದು ಭಾರ ಬಿಟ್ಟ. ಎಂಜಿನ್ ಕಿರ್ ಎಂದಿತು. ಆಮೇಲೆ ಬಹಳ ವರ್ಷಗಳಿಂದ ತಡೆದಿಟ್ಟಿದ್ದ ಆಕಳಿಕೆಯಂತೆ ಒಂದು ಸದ್ದು ಮಾಡಿ, ಕೊಳವೆ ಕೆಳಗಿಳಿಯಿತು. ಎರಡು ಪಿಸ್ಟನ್ ಮೇಲೆ ಬಂದವು, ಎರಡು ಕೆಳಗೆ ಹೋದವು.

"ನೋಡಿದ್ರಾ" ಎಂದರು ಸರ್ವೇಯರು ಸಂಭ್ರಮದಿಂದ. "ಕಿರಿಯಳಿಯ ಮುಟ್ಟಿದ್ದೇ ತಡ."

ಗುಮಾಸ್ತರು ಖಾಲಿ ಕೈಯಲ್ಲಿ ನಿಂತಿದ್ದರು. ಅಳುವಷ್ಟು ಸಿಟ್ಟು ಬಂದಿತ್ತು, ಆದರೆ ಮುಖದ ಮೇಲೆ ಮಸಿಯಿದ್ದುದರಿಂದ ಯಾರಿಗೂ ಕಾಣಲಿಲ್ಲ. ಟೀಚರ್ ಏನೋ ಹೇಳಲು ಎದ್ದರು. ಅವರಿಗಿಂತ ಮುಂಚೆ ಗುಮಾಸ್ತರ ಹೆಂಡತಿ ಮುಂದೆ ಬಂದಳು.

"ಮುಟ್ಟಿದ್ದಕ್ಕೆ ಬಿಡ್ಲಿಲ್ಲ ಅಪ್ಪ ಅದು. ಇವ್ರ ಅಂಗಿ ಎಲ್ಲಾ ಹರಿದು ಅಲ್ಲಿ ಬಿದ್ದಿದೆ ನೋಡಿ. ಉಗುರು ನೋಡಿ. ದಿನಾ ಸಂಜೆ ಬಂದು ಗಂಟಲು ಒಣಗೋ ತನಕ ಇದಕ್ಕೆ ಬಂಗಾರ ಅಂದಿದ್ದಾರೆ. ನನಗೆ ಒಂದ್ಸಲನೂ ಅಂದಿಲ್ಲ. ಕೊನೇಲಿ ಬಂದು ಒಂದ್ಸಲ ತಳ್ಳಿದೋರದಲ್ಲ ಇದು."

ಅವಳ ಮಾತಿನಲ್ಲಿ ಗಂಡನ ಮೇಲಿನ ಅಭಿಮಾನ ಎಷ್ಟಿತ್ತು, ಎಂಜಿನ್ನಿನ ಮೇಲಿನ ಸಿಟ್ಟು ಎಷ್ಟಿತ್ತು ಎಂದು ಬಿಡಿಸಿ ಹೇಳುವುದು ಕಷ್ಟ. ಗುಮಾಸ್ತರು ಅಷ್ಟನ್ನೂ ತಮ್ಮ ಕಡೆಗೇ ಬರೆದುಕೊಂಡರು.

ಷಡ್ಡಕ ಕೊಳವೆ ಕೆಳಗಿಟ್ಟ. "ಅಕ್ಕ ಹೇಳಿದ್ದು ಸರಿ. ಗುಜರಿಗೆ ಹಾಕಿ ಅಂದಿದ್ದೆ ನಾನು" ಎಂದ. ಅವನ ಹೆಂಡತಿ ಆಗ, "ಭಾವ ಎಷ್ಟು ತಾಳ್ಮೆಯಿಂದ ಮಾಡಿದ್ದಾರೆ ನೋಡ್ರೀ" ಎಂದಳು. ಷಡ್ಡಕ ಶೆಡ್ಡಿನ ಕಿಟಕಿಯಾಚೆ ನೋಡತೊಡಗಿದ. ಆ ನೋಟ ಗುಮಾಸ್ತರಿಗೆ ಚೆನ್ನಾಗಿ ಪರಿಚಯದ್ದು. ಅಯ್ಯೋ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ಆ ರಾತ್ರಿ ಅವರು ಮಗುವಿನಂತೆ ಮಲಗಿ ನಿದ್ದೆಹೋದರು.

ಮುಂದಿನ ಕೆಲಸ ವರ್ಕ್‌ಶಾಪಿನದು. ತೂತುಗಳ ತುಕ್ಕು ತಿಂದ ಗೋಡೆಗಳನ್ನು ಅಲ್ಲಿನವರು ಕೊರೆದು, ಒಳಗೆ ಸ್ಲೀವ್ ಎಂಬ ಹೊಸ ಲೋಹದ ಕೊಳವೆ ಕೂರಿಸಿ, ಹೊಸ ಪಿಸ್ಟನ್ ಹಾಕಿದರು. ಎಂಜಿನ್ನಿನ ಬ್ಲಾಕ್ ಎಲ್ಲೂ ಬಿರುಕು ಬಿಟ್ಟಿಲ್ಲವೆಂದು ಅಲ್ಲಿಯ ಮೇಸ್ತ್ರಿ ಹೇಳಿದಾಗ ಗುಮಾಸ್ತರು ಅದನ್ನು ಷಡ್ಡಕನ ಮುಂದೆ ಇನ್ನೊಮ್ಮೆ ಹೇಳಿಸಿದರು. ಕಾರಿನ ವೈರುಗಳನ್ನೆಲ್ಲ ಷಡ್ಡಕ ಹೊಸದಾಗಿ ಎಳೆದ. ಗುಮಾಸ್ತರು ಪಕ್ಕದಲ್ಲಿ ಕೂತು, "ಅವಸರ ಬೇಡ" ಎಂದು ಆಗಾಗ ಹೇಳುತ್ತಿದ್ದರು.

ಕಾರು ಹೊರಡುವ ದಿನ ಇಡೀ ಸಂಸಾರ ಮಾವನ ಮನೆಯ ಮುಂದೆ ಸೇರಿತು. ಟೀಚರನ್ನೂ ಕರೆದಿದ್ದರು. ಸರ್ವೇಯರು ಕೀಲಿ ತಿರುಗಿಸಿದರು. ಎಂಜಿನ್ ಕೆಮ್ಮಿತು, ಬೀದಿಯ ತುಂಬ ನೀಲಿ ಹೊಗೆ ಬಿಟ್ಟಿತು, ಆಮೇಲೆ ಒಂದೇ ಸಮನೆ ಓಡಿತು. ಸರ್ವೇಯರು ಹೊಗೆಯೊಳಗೆ ಕೂತು ನಗುತ್ತಿದ್ದರು.

ಈಗ ಅವರ ಪಕ್ಕದಲ್ಲಿ ಯಾರು ಕೂರಬೇಕೆಂಬ ಪ್ರಶ್ನೆ ಬಂತು. ಬಿಡಿಸಿದವನು ನಾನು ಎಂದು ಗುಮಾಸ್ತರು ಬಾಗಿಲಿಗೆ ಕೈ ಹಾಕಿದರು. ದಾರಿಯಲ್ಲಿ ವೈರು ಸುಟ್ಟರೆ ನಾನು ಬೇಕು ಎಂದು ಷಡ್ಡಕ ಅದೇ ಬಾಗಿಲಿಗೆ ಕೈ ಹಾಕಿದ. "ದಯವಿಟ್ಟು ನೀವು" "ಇಲ್ಲ ಭಾವ ನೀವು" ಎನ್ನುತ್ತ ಇಬ್ಬರೂ ಒಬ್ಬರನ್ನೊಬ್ಬರು ಹಿಂದಕ್ಕೆ ತಳ್ಳುತ್ತಿದ್ದರು.

ಅಷ್ಟರಲ್ಲಿ ಟೀಚರ್ ಕಾರನ್ನು ಮುಂದಿನಿಂದ ದಿಟ್ಟಿಸಿ ನೋಡಿ, "ಹಿಂದೊಂದ್ಸಲ ನಮ್ಮ ಸ್ಕೂಲಿನ ಗೇಟಿಗೆ ಗುದ್ದಿದ್ದು ಈ ಕಾರೇ ಅಲ್ವಾ?" ಎಂದರು.

ಸರ್ವೇಯರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಗೇಟ್ ಹಿಂದೆ ನಿಂತು ನಕ್ಕಿದ್ದು ನೀವಾ?"

"ನಗದೆ ಇನ್ನೇನು ಮಾಡ್ಲಿ? ಇಳಿದು ಬಂದು ಗೇಟಿಗೇ ಕ್ಷಮೆ ಕೇಳಿದ್ರಿ."

"ಹತ್ತಿ ಟೀಚರ್. ಈಗ ಹೇಗೆ ಓಡಿಸ್ತೀನಿ ನೋಡಿ" ಎಂದು ಸರ್ವೇಯರು ಒಳಗಿನಿಂದಲೇ ಆ ಬದಿಯ ಬಾಗಿಲು ತೆರೆದರು. ಅಳಿಯಂದಿರಿಬ್ಬರೂ ದಾರಿ ಬಿಡಬೇಕಾಯಿತು. ಟೀಚರ್ ಸೀರೆ ಸರಿಮಾಡಿಕೊಂಡು ಕೂತರು. ಕಾರು ಒಂದು ಸಲ ಹಾರನ್ ಹೊಡೆದು, ಬೀದಿಯ ತಿರುವಿನಲ್ಲಿ ಮರೆಯಾಯಿತು. ಮರೆಯಾದ ಮೇಲೂ ಇಬ್ಬರ ನಗು ಕೇಳುತ್ತಿತ್ತು.

ಅತ್ತೆ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದರು. ಹೊಗೆ ಕರಗುವವರೆಗೂ ಅಲ್ಲಾಡಲಿಲ್ಲ. ಆಮೇಲೆ ಇಬ್ಬರು ಅಳಿಯಂದಿರ ಕಡೆ ತಿರುಗಿ, ಬಹಳ ಶಾಂತವಾಗಿ ಕೇಳಿದರು.

"ಅದು ಮತ್ತೆ ತುಕ್ಕು ಹಿಡಿಯೋಕೆ ಎಷ್ಟು ದಿನ ಬೇಕು?"

"ಮಳೇಲಿ ಬಿಟ್ರೆ ಒಂದು ತಿಂಗಳು ಸಾಕು ಅತ್ತೆ" ಎಂದ ಷಡ್ಡಕ.

"ಒಂದು ವಾರ" ಎಂದರು ಗುಮಾಸ್ತರು.